ಮೂರು ತಿಂಗಳು ತಾಲೀಮು, ಒಂದೇ ಪ್ರಯೋಗ: ಗೊಂಬೆ ಪಾತ್ರ ಮಾಡಿ ಬಂದ ಮೇಲೆ

ಎರಡನೇ ಗೊಂಬೆ

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಮನೆ ಭಾಂಡುಪ್‌ನಲ್ಲಿ, ಮನೆಮಾತು ತುಳು. ನಾಟಕದ ಕೋರ್ಸ್ ಓದುತ್ತಿದ್ದೇನೆ, ಎರಡನೇ ವರ್ಷ. ಅಲ್ಲಿ ಪಾಠ, ಅಭ್ಯಾಸ ಎಲ್ಲ ಮರಾಠಿ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ನಾಟಕ ಮಾಡಿದ್ದು ಇದೇ ಮೊದಲು. ಕಳೆದ ಶನಿವಾರ ಪ್ರಯೋಗ ಆಯಿತು. ಇವತ್ತು ಗುರುವಾರ. ಇನ್ನೂ ಸಂಜೆ ಏಳಾದರೆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಲ್ಲುತ್ತೇನೆ. ಹೋಗಲು ತಾಲೀಮೇ ಇಲ್ಲ.

ನಾಟಕ ಕಾರ್ನಾಡರ 'ಹಯವದನ'. ನನ್ನದು ಗೊಂಬೆ ಪಾತ್ರ. ಎರಡು ಗೊಂಬೆಗಳಲ್ಲಿ ಎರಡನೆಯದು. ನಾಟಕ ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ದೇವದತ್ತ ಓದಿದವನು, ಮೈಯಲ್ಲಿ ಬಲ ಇಲ್ಲ. ಅವನ ಗೆಳೆಯ ಕಪಿಲ ಕಮ್ಮಾರನ ಮಗ, ಗಟ್ಟಿ ಆಳು. ಕಾಳಿ ಗುಡಿಯಲ್ಲಿ ಇಬ್ಬರ ತಲೆಯೂ ಅದಲು ಬದಲಾಗುತ್ತದೆ. ದೇವದತ್ತನ ತಲೆಗೆ ಕಪಿಲನ ಮೈ ಸಿಗುತ್ತದೆ. ದೇವದತ್ತನ ಹೆಂಡತಿ ಪದ್ಮಿನಿ ಆ ತಲೆಯ ಜೊತೆ ಮನೆಗೆ ಬರುತ್ತಾಳೆ. ಹುಟ್ಟುವ ಮಗುವಿಗೆ ಅಂತ ಉಜ್ಜಯಿನಿ ಜಾತ್ರೆಯಿಂದ ತಂದ ಗೊಂಬೆಗಳು ನಾವು. ಮನೆಯಲ್ಲಿ ಆಗುವುದನ್ನೆಲ್ಲ ನೋಡುತ್ತೇವೆ. ಪದ್ಮಿನಿಯ ಕನಸು ಕೂಡ ನಮಗೆ ಕಾಣುತ್ತದೆ. ದಿನ ಕಳೆದ ಹಾಗೆ ದೇವದತ್ತನ ಕೈ ಮೆತ್ತಗಾಗುತ್ತಾ ಬರುತ್ತದೆ. ಮೊದಲು ಒರಟಾಗಿದ್ದ ಅಂಗೈ ಈಗ ಹೀಗಾಯಿತಲ್ಲ ಅಂತ ಮೊದಲು ಹೇಳುವವರು ನಾವೇ, ಗೊಂಬೆಗಳು.

ಆ ಕೈ ವಿಷಯಕ್ಕೇ ನಾನು ಇದನ್ನು ಬರೆಯುತ್ತಿರುವುದು.

ನಮ್ಮ ತಾಲೀಮು ಮಾಟುಂಗದಲ್ಲಿ, ಒಂದು ಶಾಲೆಯ ಕೋಣೆಯಲ್ಲಿ. ಸಂಜೆ ಏಳೂವರೆಯಿಂದ ಹತ್ತರವರೆಗೆ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಚಾಕ್‌ನಲ್ಲಿ ಗೆರೆ ಎಳೆದರೆ ಅದೇ ನಮ್ಮ ರಂಗ. ಎಲ್ಲರೂ ಕೆಲಸ ಮುಗಿಸಿ ಬರುವವರು. ಕಪಿಲನ ಪಾತ್ರ ಮಾಡಿದ ಅಣ್ಣ ಅಂಬರನಾಥದಲ್ಲಿ ಲೇತ್ ಕೆಲಸ ಮಾಡುತ್ತಾರೆ. ತಲೆ ಬದಲಾದ ಮೇಲೆ ನಮ್ಮಲ್ಲಿ ನಟರು ಮುಖವಾಡ ಬದಲಾಯಿಸಿಕೊಳ್ಳುತ್ತಾರೆ. ಹಾಗಾಗಿ ದೇವದತ್ತನ ಮುಖವಾಡ ಹಾಕಿಕೊಂಡು ನನ್ನನ್ನು ಎತ್ತಿಕೊಳ್ಳುವುದು ಅದೇ ಅಣ್ಣ. ಅವರ ಅಂಗೈ ನಿಜವಾಗಿಯೂ ಒರಟು. ಹೆಬ್ಬೆರಳಿನ ಬುಡದಲ್ಲಿ ದಪ್ಪ ಗಂಟು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸ್.

ಮೊದಲ ತಿಂಗಳು ನಾನು ಗೊಂಬೆಯ ಹಾಗೆ ಆಡುವುದನ್ನೇ ಅಭ್ಯಾಸ ಮಾಡಿದೆ. ಕತ್ತು ಟಕ್ ಅಂತ ತಿರುಗಿಸುವುದು, ಕಣ್ಣು ಮಿಟುಕಿಸದೆ ಇರುವುದು, ಸಣ್ಣ ದನಿ. ಕ್ಲಾಸಿನಲ್ಲಿ ಎಲ್ಲರೂ ಚೆನ್ನಾಗಿದೆ ಅಂದಿದ್ದರು. ನಮ್ಮ ನಿರ್ದೇಶಕರು ಹದಿನೈದು ದಿನ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಕೇಳಿದರು: "ಅವನ ಕೈ ಮೆತ್ತಗಾಯಿತು ಅಂತೀಯಲ್ಲ, ಅದು ನಿನಗೆ ಹೇಗೆ ಗೊತ್ತಾಯಿತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕ್ರಿಪ್ಟ್‌ನಲ್ಲಿ ಇದೆ, ಅದಕ್ಕೆ ಹೇಳಿದೆ, ಅಷ್ಟೆ.

ಅವತ್ತು ರಾತ್ರಿ ಅಂಬರನಾಥ ಸ್ಲೋ ಲೋಕಲ್ ರೈಲಿನಲ್ಲಿ ಬರುವಾಗ ಬರೀ ಕೈಗಳನ್ನೇ ನೋಡಿದೆ. ಹಿಡಿಕೆ ಹಿಡಿದ ಕೈ, ಮೊಬೈಲ್ ಹಿಡಿದ ಕೈ, ಮಗುವಿನ ತಲೆ ಮೇಲೆ ಇಟ್ಟ ಕೈ. ಮನೆಗೆ ಬಂದರೆ ಅಪ್ಪ ಊಟಕ್ಕೆ ಕೂತಿದ್ದರು. ಅವರ ಕೈ ನೋಡಿದೆ. ಅಪ್ಪ ಹದಿನೈದನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲಿನಲ್ಲಿ ಲೋಟ ತೊಳೆದವರು, ರಾತ್ರಿಶಾಲೆಯಲ್ಲಿ ಓದಿದವರು. ಆಮೇಲೆ ವರ್ಷಗಟ್ಟಲೆ ದೋಸೆ ಕಾವಲಿ ಮುಂದೆ ನಿಂತವರು. ನಾನು ಚಿಕ್ಕವಳಿದ್ದಾಗ ಅವರು ಕೆನ್ನೆ ಮುಟ್ಟಿದರೆ ಚುಚ್ಚುತ್ತಿತ್ತು. ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಈಗ ಹತ್ತು ವರ್ಷದಿಂದ ಗಲ್ಲೆಯಲ್ಲಿ ಕೂರುತ್ತಾರೆ. "ಅಪ್ಪ, ಕೈ ಕೊಡಿ" ಅಂದೆ. ಕೊಟ್ಟರು. ಮೆತ್ತಗಿತ್ತು. ಮಣಿಕಟ್ಟಿನ ಹತ್ತಿರ ಒಂದು ಹಳೇ ಸುಟ್ಟ ಕಲೆ, ಅಷ್ಟೇ ಉಳಿದಿದ್ದು. ಅದು ಯಾವಾಗ ಹೀಗಾಯಿತು ಅಂತ ನಾನು ಗಮನಿಸಿಯೇ ಇರಲಿಲ್ಲ.

ಮಾರನೇ ದಿನ ಆ ಮಾತು ಬೇರೆ ಥರ ಬಂತು. ನಿರ್ದೇಶಕರು ಸುಮ್ನೆ ತಲೆ ಆಡಿಸಿದರು.

ಈಗ ನನ್ನ ಪ್ರಶ್ನೆ. ಹೀಗೆ ಮನೆಯವರ ಕೈಯನ್ನು, ಅವರ ಕಷ್ಟವನ್ನು ಪಾತ್ರಕ್ಕೆ ಬಳಸಿಕೊಳ್ಳುವುದು ಸರಿಯಾ? ಅಪ್ಪನಿಗೆ ಇನ್ನೂ ಹೇಳಿಲ್ಲ. ಇನ್ನೊಂದು, ಮೂರು ತಿಂಗಳು ದುಡಿದು ಒಂದೇ ಪ್ರಯೋಗ ಮಾಡಿ ಬಿಟ್ಟುಬಿಡುವುದನ್ನು ನೀವೆಲ್ಲ ಹೇಗೆ ತಡೆದುಕೊಳ್ಳುತ್ತೀರಿ?

ಡೊಂಬಿವಲಿ ಮಾಮ

ಮಗಳೇ, ಪೂರ್ತಿ ಓದಿದೆ. ನಾನು ಬ್ಯಾಂಕಿನಲ್ಲಿದ್ದುಕೊಂಡು ಮೂವತ್ತು ವರ್ಷ ಕನ್ನಡ ನಾಟಕ ಮಾಡಿದವನು. ಎರಡನೇ ಪ್ರಶ್ನೆಗೆ ಮೊದಲು ಹೇಳುತ್ತೇನೆ, ಏಕೆಂದರೆ ಅದು ನನಗೂ ಉರಿಯುವ ವಿಷಯ.

ನಮ್ಮೂರಿನ ಮರಾಠಿ ನಾಟಕದವರನ್ನು ನೋಡು. ದಾದರ್‌ನ ಶಿವಾಜಿ ಮಂದಿರದಲ್ಲಿ ಮಧ್ಯಾಹ್ನ ಒಂದು, ಸಂಜೆ ಠಾಣೆಯ ಗಡ್ಕರಿ ರಂಗಾಯತನದಲ್ಲಿ ಒಂದು. ನೂರನೇ ಪ್ರಯೋಗ ಅಂತ ಪೇಪರಿನಲ್ಲಿ ಜಾಹೀರಾತು. ಒಂದು ಪಾತ್ರ ಮೈಗೆ ಕೂರಬೇಕಾದರೆ ಹತ್ತು ಪ್ರಯೋಗವಾದರೂ ಬೇಕು. ನಾವು ಮೊದಲ ಪ್ರಯೋಗದ ಗಾಬರಿಯಲ್ಲೇ ನಾಟಕ ಮುಗಿಸಿ, ಗ್ರೀನ್ ರೂಮಿನಲ್ಲಿ ಫೋಟೊ ತೆಗೆಸಿಕೊಂಡು ಮನೆಗೆ ಬರುತ್ತೇವೆ. ಕಾರಣ ಎಲ್ಲರಿಗೂ ಗೊತ್ತು. ಸಭಾಗೃಹದ ಬಾಡಿಗೆ, ಬೆಳಕಿನ ಬಾಡಿಗೆ, ಸೆಟ್ ಸಾಗಿಸುವ ಟೆಂಪೊ. ಟಿಕೆಟ್ ಇಟ್ಟರೆ ಜನ ಬರುವುದಿಲ್ಲ ಅಂತ ಪಾಸ್ ಕೊಡುತ್ತೇವೆ. ಪಾಸ್ ಕೊಟ್ಟ ಮೇಲೆ ಎರಡನೇ ಪ್ರಯೋಗಕ್ಕೆ ದುಡ್ಡು ಎಲ್ಲಿಂದ ಬರಬೇಕು?

ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಇಷ್ಟು ಹಳೆಯ ಸಂಘಗಳು, ಇಷ್ಟೊಂದು ಕನ್ನಡಿಗರು ಇರುವ ಊರಿನಲ್ಲಿ ಒಂದು ನಾಟಕಕ್ಕೆ ಐದು ಪ್ರಯೋಗ ಮಾಡುವುದು ಆಗದ ಕೆಲಸ ಅಲ್ಲ. ನಮ್ಮವರು ಡೊಂಬಿವಲಿಯಲ್ಲಿದ್ದಾರೆ, ನವಿ ಮುಂಬೈಯಲ್ಲಿದ್ದಾರೆ, ಮೀರಾ ರೋಡಿನಲ್ಲಿದ್ದಾರೆ. ಅವರೆಲ್ಲ ಮಾಟುಂಗಕ್ಕೇ ಬರಲಿ ಅಂತ ಕಾಯುವ ಬದಲು ನಾಟಕವೇ ಅವರ ಹತ್ತಿರ ಹೋಗಬೇಕು. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯವರು 1985ರಿಂದ ತಿರುಗಾಟ ಮಾಡುತ್ತಿಲ್ವಾ? ಊರಿಂದೂರಿಗೆ ನಾಟಕ ಹೊತ್ತುಕೊಂಡು ಹೋಗುತ್ತಾರೆ. 'ಹಯವದನ'ಕ್ಕೆ ದೊಡ್ಡ ಸೆಟ್ ಬೇಡ. ಒಂದು ಅರೆತೆರೆ, ಮುಖವಾಡ, ಹಾಡುವವರು, ಅಷ್ಟು ಸಾಕು. ನಿಮ್ಮ ನಿರ್ದೇಶಕರನ್ನು ಕೇಳು.

ಅಲ್ಲಿವರೆಗೆ ಪಾತ್ರ ಮರೆಯಬಾರದು ಅಂದರೆ, ವಾರಕ್ಕೊಂದು ಸಲ ಎಲ್ಲರೂ ಕೂತು ಬರೀ ಮಾತು ಓಡಿಸಿ. ನಟನೆ ಬೇಡ, ವೇಗವಾಗಿ ಮಾತು ಮಾತ್ರ. ನಾವು ಲೋಕಲಿನಲ್ಲೇ ಮಾಡುತ್ತಿದ್ದೆವು. ಪಕ್ಕದವರು ಜಗಳ ಅಂದುಕೊಳ್ಳುತ್ತಿದ್ದರು.

ಹೆಗ್ಗೋಡಿನ ನೆನಪು

ನಾನು ಹೆಗ್ಗೋಡಿನಲ್ಲೇ ನಾಟಕ ಕಲಿತವಳು, ಈಗ ವಸಾಯಿಯಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ. ನಿಮ್ಮ ಮೊದಲ ಪ್ರಶ್ನೆ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ.

ಅಪ್ಪನ ಕೈ ನೋಡಿದ್ದು ತಪ್ಪಲ್ಲ. ನಟಿ ಬೇರೆ ಎಲ್ಲಿಂದ ತರಬೇಕು? ಆದರೆ ಪ್ರತಿ ಸಲ ಆ ಮಾತು ಬಂದಾಗ ಅಪ್ಪನನ್ನು ನೆನೆಸಿಕೊಂಡು ಅಳು ತಂದುಕೊಳ್ಳಲು ಹೋದರೆ ಐದನೇ ಪ್ರಯೋಗಕ್ಕೆ ಏನೂ ಬರುವುದಿಲ್ಲ. ನೆನಪು ಬಳಸಿದಷ್ಟೂ ಸವೆಯುತ್ತದೆ. ನನಗೆ ಹಾಗೆ ಆಗಿದೆ. ತೀರಿಕೊಂಡ ಅಜ್ಜಿಯನ್ನು ನೆನೆಸಿಕೊಂಡು ಒಂದು ದೃಶ್ಯ ಮಾಡುತ್ತಿದ್ದೆ. ಎಂಟು ಪ್ರಯೋಗ ಆಗುವಷ್ಟರಲ್ಲಿ ಅಜ್ಜಿಯ ಮುಖ ನೆನಪಿಗೆ ಬಂದರೆ ಆ ದೃಶ್ಯದ ಬೆಳಕು ಮಾತ್ರ ಕಾಣುತ್ತಿತ್ತು. ತುಂಬಾ ಬೇಜಾರಾಯಿತು. ಅಜ್ಜಿಯನ್ನು ನಾನೇ ಕಳೆದುಕೊಂಡ ಹಾಗೆ.

ನಿಮ್ಮ ಕೋರ್ಸಿನಲ್ಲಿ ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್ಸ್ಕಿ ಬಗ್ಗೆ ಹೇಳಿರುತ್ತಾರೆ. ಭಾವನೆಯ ನೆನಪು ಅಂತ ಅವರು ಹೇಳಿದ್ದನ್ನು ಎಲ್ಲರೂ ಓದುತ್ತಾರೆ. ಆದರೆ ಕೊನೆಯ ವರ್ಷಗಳಲ್ಲಿ, ಅವರು ತೀರಿಕೊಂಡ 1938ರ ಹತ್ತಿರ ಹತ್ತಿರ, ಅವರು ಜಾಸ್ತಿ ಒತ್ತು ಕೊಟ್ಟಿದ್ದು ಮೈಯ ಕೆಲಸಕ್ಕೆ. ಈ ಕ್ಷಣ ನೀನು ಏನು ಮಾಡುತ್ತೀ, ಯಾಕೆ ಮಾಡುತ್ತೀ ಅನ್ನುವುದಕ್ಕೆ. ನೀವು ಬರೆದದ್ದರಲ್ಲೇ ಅದು ಇದೆ. ಚಿಕ್ಕವಳಿದ್ದಾಗ ಕೆನ್ನೆಗೆ ಚುಚ್ಚಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ ಅಂದಿರಿ. ಆ ತಿರುಗಿಸಿಕೊಳ್ಳುವುದನ್ನು ಇಟ್ಟುಕೊಳ್ಳಿ. ಅಪ್ಪನನ್ನು ಮನೆಗೆ ಕಳಿಸಿಬಿಡಿ.

ಎರಡನೇ ಗೊಂಬೆ

ಅಕ್ಕಾ, ನೀವು ಹೇಳಿದ್ದು ಓದಿ ಮೈ ಜುಮ್ಮೆಂದಿತು. ಗೊತ್ತಿಲ್ಲದೆ ನಾನು ಸ್ವಲ್ಪ ಅದನ್ನೇ ಮಾಡಿದ್ದೆ.

ನೋಡಿ, ಅಂಬರನಾಥದ ಅಣ್ಣನ ಕೈ ಕೊನೆಯವರೆಗೂ ಒರಟೇ. ಅವರೇನು ಮಾಡಿದರೂ ಅದು ಮೆತ್ತಗಾಗುವುದಿಲ್ಲ. ಮೆತ್ತಗಾಯಿತು ಅಂತ ಜನಕ್ಕೆ ಕಾಣಬೇಕಾದರೆ ಅದು ನನ್ನ ಮೈಯಲ್ಲೇ ಆಗಬೇಕು. ಮೊದಲ ಸಲ ಎತ್ತಿಕೊಂಡಾಗ ನಾನು ಹೆಗಲು ಬಿಗಿ ಮಾಡುತ್ತಿದ್ದೆ, ಮುಖ ಆ ಕಡೆ. ಆಮೇಲಿನ ದೃಶ್ಯದಲ್ಲಿ ಅದೇ ಕೈ, ಅದೇ ಹಿಡಿತ. ನಾನು ಹೆಗಲು ಬಿಡುತ್ತಿದ್ದೆ. ತಲೆ ಅವರ ತೋಳಿನ ಮೇಲೆ ಒರಗುತ್ತಿತ್ತು. ಒಂದು ಕ್ಷಣ ಸುಖ ಅನ್ನಿಸಿ, ಆಮೇಲೆ ಅಯ್ಯೋ ಇದೇನು ಅಂತ ಅಸಹ್ಯ. ಏಕೆಂದರೆ ಗೊಂಬೆಗೆ ಆ ಮೆತ್ತನೆ ಕೈ ಇಷ್ಟ ಆಗುವುದಿಲ್ಲ. ಇದನ್ನು ಹಿಡಿಯಲು ಎರಡು ವಾರ ಬೇಕಾಯಿತು. ಅಣ್ಣ ಪಾಪ ದಿನಕ್ಕೆ ಇಪ್ಪತ್ತು ಸಲ ನನ್ನನ್ನು ಎತ್ತಿದರು. ಹನ್ನೆರಡು ಗಂಟೆ ಮಷೀನ್ ಮುಂದೆ ನಿಂತು ಬಂದವರು ಒಂದು ದಿನವೂ ಸಾಕು ಅನ್ನಲಿಲ್ಲ.

ಪ್ರಯೋಗದ ದಿನ ಮಾತ್ರ ಬೇರೆಯೇ ಆಯಿತು. ಆ ಎರಡನೇ ಸಲದ ದೃಶ್ಯ ಶುರುವಾಗಬೇಕು, ಬೆಳಕೇ ಬರಲಿಲ್ಲ. ಪೂರ್ತಿ ಕತ್ತಲೆ. ನನಗೆ ಅರ್ಧ ನಿಮಿಷ ಅನ್ನಿಸಿತು. ಮೊದಲನೇ ಗೊಂಬೆ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಮಾತು ಶುರು ಮಾಡಿದೆವು. ಕೈ ಬಗ್ಗೆ ಹೇಳುವ ಮಾತೂ ಆ ಕತ್ತಲೆಯಲ್ಲೇ ಹೋಯಿತು. ಎರಡು ವಾರ ಹೆಗಲು ಬಿಡುವುದನ್ನು ಕಲಿತಿದ್ದೆ, ಒಬ್ಬರಿಗೂ ಕಾಣಲಿಲ್ಲ. ಒಳಗೆ ಬಂದು ತುಂಬಾ ಅತ್ತೆ.

ಬೆಳಕಿನವ

ತಂಗಿ, ಆ ದಿನ ಬೆಳಕು ಮಾಡಿದವನು ನಾನಲ್ಲ. ಆದರೆ ಇದೇ ಕೆಲಸ ಮಾಡುವವನು, ಅದಕ್ಕೇ ಬರೆಯುತ್ತೇನೆ. ನಮ್ಮ ಹವ್ಯಾಸಿ ನಾಟಕಗಳಲ್ಲಿ ಹೀಗಾಗುವುದಕ್ಕೆ ಮುಖ್ಯ ಕಾರಣ ಒಂದೇ: ಸಭಾಗೃಹ ಸಿಗುವುದು ಅದೇ ದಿನ ಬೆಳಗ್ಗೆ. ಲೈಟ್ ಕಟ್ಟಲು, ಫೋಕಸ್ ಮಾಡಲು, ಬಣ್ಣದ ಹಾಳೆ, ಅಂದರೆ ಜೆಲ್, ಹಾಕಲು ಮಧ್ಯಾಹ್ನ ಆಗುತ್ತದೆ. ಬೆಳಕಿನವನು ನಾಟಕವನ್ನು ಪೂರ್ತಿ ನೋಡುವುದು ಜನರ ಜೊತೆಯಲ್ಲೇ. ಶಾಲೆಯ ಕೋಣೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಮೂರು ತಿಂಗಳು ಅಭ್ಯಾಸ, ಬೆಳಕಿನ ಜೊತೆ ಮೂರು ಗಂಟೆ. ದಯವಿಟ್ಟು ಮುಂದಿನ ಸಲ ನಮ್ಮನ್ನು ಕೊನೆಯ ಹತ್ತು ದಿನವಾದರೂ ತಾಲೀಮಿಗೆ ಕರೆಯಿರಿ. ಮೂಲೆಯಲ್ಲಿ ಕೂತು ನೋಡುತ್ತೇವೆ. ಯಾವ ಮಾತಿಗೆ ಯಾರು ಉಸಿರು ಎಳೆದುಕೊಳ್ಳುತ್ತಾರೆ ಅಂತ ಗೊತ್ತಾದರೆ ಯಾವಾಗ ಯಾವ ಲೈಟ್ ಅಂತ ಬರೆದಿಟ್ಟ ಕ್ಯೂ ಶೀಟ್ ಬೇಡವೇ ಬೇಡ.

ಕಾರ್ನಾಡರ ವಿಷಯ ಬಂದಿದ್ದಕ್ಕೆ ಒಂದು ಮಾತು. ಅವರು ಹೆಚ್ಚಿನ ಓದಿಗೆ ಮುಂಬೈಗೆ ಬಂದಾಗ ಇಲ್ಲಿ ನಿರ್ದೇಶಕ ಅಲ್ಕಾಜಿಯವರು ಮಾಡಿಸಿದ ಸ್ಟ್ರಿಂಡ್‌ಬರ್ಗ್‌ನ 'ಮಿಸ್ ಜೂಲಿ' ನೋಡಿದರು. ನಾಟಕದ ಕ್ರೌರ್ಯದಷ್ಟೇ ಅವರನ್ನು ಹಿಡಿದದ್ದು ಬೆಳಕು ಮೆಲ್ಲಗೆ ಏರಿ ಮೆಲ್ಲಗೆ ಇಳಿದದ್ದು ಅಂತ ಅವರೇ ಬರೆದಿದ್ದಾರೆ. ಕಂದೀಲಿನ ಮನೆಯಲ್ಲಿ ಬೆಳೆದವರು. ಪಟ್ಟಣಕ್ಕೆ ಬಂದ ಮೇಲೂ ಕರೆಂಟು ಅಂದರೆ ಹಾಕುವುದು, ಆರಿಸುವುದು, ಅಷ್ಟೆ. ಡಿಮ್ಮರ್ ಅನ್ನುವುದೊಂದು ಇದೆ ಅಂತ ಗೊತ್ತಾಗಿದ್ದು ಇದೇ ಊರಿನಲ್ಲಿ. ಮುಂಬೈಯಲ್ಲಿ ಡಿಮ್ಮರ್ ಹಿಡಿದು ಕೂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅವರ ನಾಟಕಕ್ಕೇ ಬೆಳಕು ಕೈಕೊಟ್ಟಿತು ಅಂದರೆ ಹೊಟ್ಟೆ ಉರಿಯುತ್ತದೆ.

ಮುಲುಂಡ್ ಅಜ್ಜಿ

ಮೊಮ್ಮಗಳು ಈ ಚರ್ಚೆ ತೋರಿಸಿದಳು. ಶನಿವಾರ ನಾನು ಬಂದಿದ್ದೆ, ನಾಲ್ಕನೇ ಸಾಲಿನಲ್ಲಿ ಕೂತಿದ್ದೆ. ಮಗೂ, ಕತ್ತಲೆ ಆಗಿದ್ದು ಬೇಕು ಅಂತಲೇ ಮಾಡಿದ್ದು ಅಂದುಕೊಂಡೆ. ಪದ್ಮಿನಿಯ ಗಂಡನ ಕೈ ಮೆತ್ತಗಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಅವನು ಮೊದಲು ನಿನ್ನನ್ನು ಎತ್ತಿದಾಗ ನೀನು ಮುದುಡಿದೆಯಲ್ಲ, ಅದು ಕಣ್ಣಲ್ಲಿತ್ತು. ಆಮೇಲೆ ಕತ್ತಲೆಯಲ್ಲಿ ನಿನ್ನ ದನಿ ಸಡಿಲ ಆಯಿತು. ಅದರಲ್ಲೇ ಗೊತ್ತಾಯಿತು. ಈಗ ನೀನು ಬರೆದದ್ದು ಓದಿದ ಮೇಲೇ ಅಲ್ಲಿ ಏನೂ ಕಾಣಿಸಿರಲಿಲ್ಲ ಅಂತ ತಿಳಿದದ್ದು. ನಾನು ಕಂಡಿದ್ದೇನೆ ಅಂತಲೇ ಐದು ದಿನದಿಂದ ಇದ್ದೆ.

ನನ್ನ ಯಜಮಾನರು ಮಿಲ್ಲಿನಲ್ಲಿದ್ದರು. 1982ರ ಮುಷ್ಕರ ಆದ ಮೇಲೆ ಕೆಲಸ ಹೋಯಿತು. ಆಮೇಲೆ ಅವರ ಕೈ ಹಾಗೇ ಆಗಿತ್ತು. ಅವರಿಗೆ ಅದು ಇಷ್ಟ ಇರಲಿಲ್ಲ.

ಎರಡನೇ ಗೊಂಬೆ

ಅಜ್ಜಿ, ನಿಮ್ಮ ಮಾತು ಮೂರು ಸಲ ಓದಿದೆ. ಏನು ಬರೆಯಬೇಕೋ ತಿಳಿಯುತ್ತಿಲ್ಲ. ಒಂದು ಸಲ ನಿಮ್ಮನ್ನು ನೋಡಬೇಕು.

ಪುಣೆ ಹುಡುಗ

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಾನೂ ನಾಟಕ ಕಲಿಯುತ್ತಿರುವವನು, ಪುಣೆಯಲ್ಲಿ. ಮನೆಯಲ್ಲಿ ಕನ್ನಡ ಇದ್ದರೂ ರಂಗದ ಮೇಲೆ ಮಾತಾಡಿದರೆ ಹಿಂದಿಯ ಥರ ಕೇಳುತ್ತದೆ ಅಂತಾರೆ. ನಿಮಗೆ ಹಾಗೆ ಆಗಲಿಲ್ವಾ? ಹೇಗೆ ತಿದ್ದಿಕೊಂಡಿರಿ?

ಧಾರವಾಡದಾಕೆ

ಇದಕ್ಕೆ ನಾನು ಉತ್ತರ ಕೊಡಬಹುದೇನೋ. ನೆರೂಳ್‌ನಲ್ಲಿದ್ದೇನೆ. ಇಲ್ಲಿ ಹುಟ್ಟಿದ ಹುಡುಗ ಹುಡುಗಿಯರಿಗೆ ಮಾತು ತಿದ್ದುವ ಕೆಲಸ ಮಾಡಿದ್ದೇನೆ. ಜನ ಬರೀ ಉಚ್ಚಾರದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಅಷ್ಟು ದೊಡ್ಡದಲ್ಲ. ಲ, ಳ, ನ, ಣ ಮರಾಠಿ ಬಲ್ಲವರಿಗೆ ಸಲೀಸು. ಕರಾವಳಿಯವರಿಗೆ ಮಹಾಪ್ರಾಣ ಕೊಂಚ ಕಷ್ಟ, ಅಭ್ಯಾಸ ಮಾಡಿದರೆ ಬರುತ್ತದೆ.

ನಿಜವಾದ ತೊಂದರೆ ವಾಕ್ಯದ ಕೊನೆಯಲ್ಲಿದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬಂದನೋ ಬರಲಿಲ್ಲವೋ, ಕೊಟ್ಟಳೋ ಕೊಡಲಿಲ್ಲವೋ, ಎಲ್ಲ ಆ ಕೊನೆಯ ಪದದಲ್ಲಿ. "ನಿನ್ನನ್ನು ಅವತ್ತು ಅಲ್ಲಿ ಬಿಟ್ಟು ಬರಬಾರದಿತ್ತು" ಅನ್ನುವಾಗ "ಬಾರದಿತ್ತು" ಕೇಳದಿದ್ದರೆ ಅರ್ಥವೇ ತಿರುಗುಮುರುಗು. ಇವರು ಮೊದಲ ಪದದಲ್ಲೇ ಉಸಿರೆಲ್ಲ ಖರ್ಚು ಮಾಡಿ ಕೊನೆಗೆ ದನಿ ಬೀಳಿಸುತ್ತಾರೆ. ಹಿಂದಿನ ಸಾಲಿನವರಿಗೆ ಕ್ರಿಯಾಪದ ಹೋಗುವುದೇ ಇಲ್ಲ. ಅದಕ್ಕೆ ನಾನು ವಾಕ್ಯವನ್ನು ಹಿಂದಿನಿಂದ ಓದಿಸುತ್ತೇನೆ. ಮೊದಲು "ಬರಬಾರದಿತ್ತು". ಆಮೇಲೆ "ಬಿಟ್ಟು ಬರಬಾರದಿತ್ತು". ಆಮೇಲೆ "ಅಲ್ಲಿ ಬಿಟ್ಟು ಬರಬಾರದಿತ್ತು". ಹೀಗೆ ಕಟ್ಟಿಕೊಂಡು ಹೋದರೆ ಮಾತು ತಾನಾಗಿ ಕೊನೆಯ ಕಡೆ ಹರಿಯುತ್ತದೆ. ಒಂದು ವಾರ ಮಾಡಿ ನೋಡಪ್ಪ.

ಎರಡನೇ ಗೊಂಬೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಮೊದಮೊದಲು ಕನ್ನಡ ಓದಲೂ ನಿಧಾನ. ಸ್ಕ್ರಿಪ್ಟ್ ಅನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದೆ. ಎರಡನೇ ವಾರ ನಿರ್ದೇಶಕರು ಅದನ್ನು ತೆಗೆದಿಟ್ಟು, ಕನ್ನಡದ ಪ್ರತಿ ಕೊಟ್ಟರು. ಮನೆಯಲ್ಲಿ ಅಪ್ಪನ ಪಕ್ಕ ಕೂತು ಬೆರಳಿಟ್ಟು ಓದಿದೆ. ಅಪ್ಪ ರಾತ್ರಿಶಾಲೆಯಲ್ಲಿ ಕಲಿತ ಕನ್ನಡ ಇಷ್ಟು ವರ್ಷ ಆದ ಮೇಲೆ ನನ್ನ ಜೊತೆ ಮತ್ತೆ ಓದಿದರು. ಅವರಿಗೆ ನಾಟಕದಲ್ಲಿ ಕತೆ ನಡೆಸಿಕೊಡುವ ಭಾಗವತನ ಮಾತು ತುಂಬಾ ಇಷ್ಟ. ಯಕ್ಷಗಾನ ನೋಡಿ ಬೆಳೆದವರಲ್ವಾ. ಶುರುವಿಗೆ ಗಣಪತಿ ಪೂಜೆ ಬರುತ್ತದಲ್ಲ, ಆನೆ ತಲೆ, ಮುರಿದ ದಂತ, ಅದನ್ನು ಓದಿ ಅಪ್ಪ ಹೇಳಿದರು: "ತಲೆ ಬದಲಾಗುವ ಕತೆ ಅಂತ ಇಲ್ಲೇ ಹೇಳಿಬಿಟ್ಟಿದ್ದಾರೆ ನೋಡು." ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಮಾರನೇ ದಿನ ತಾಲೀಮಿನಲ್ಲಿ ಎಲ್ಲರಿಗೂ ಹೇಳಿದೆ.

ಡೊಂಬಿವಲಿ ಮಾಮ

ನಿಮ್ಮಪ್ಪನನ್ನು ತಾಲೀಮಿಗೆ ಕರೆದುಕೊಂಡು ಬಾ ಮಗಳೇ. ಇಂಥವರು ನಮಗೆ ಬೇಕು.

ಈ ನಾಟಕ ಹುಟ್ಟಿದ್ದೇ ಮಾತುಕತೆಯಲ್ಲಿ. ನಿರ್ದೇಶಕ ಬಿ.ವಿ. ಕಾರಂತರ ಜೊತೆ ಮುಖವಾಡ, ಸಂಗೀತದ ಬಗ್ಗೆ ವಾದ ಮಾಡುತ್ತಿದ್ದಾಗ ಇದು ಹೊಳೆಯಿತು ಅಂತ ಕಾರ್ನಾಡರು ಹೇಳಿದ್ದಾರೆ. ಕತೆ ಹಳೆಯದು, ಬೇತಾಳನ ಕತೆಗಳಲ್ಲಿದೆ. ಜರ್ಮನ್ ಲೇಖಕ ಥಾಮಸ್ ಮನ್ ಅದನ್ನೇ ಹಿಡಿದು ಕಾದಂಬರಿ ಬರೆದ. ಅಲ್ಲಿಂದ ಇಲ್ಲಿಗೆ ಬಂತು. 1971ರಲ್ಲಿ ಪುಸ್ತಕ ಬಂದದ್ದು. ಅವತ್ತಿನಿಂದ ಯಾರ್ಯಾರೋ ಗೊಂಬೆಯಾಗಿದ್ದಾರೆ. ನೀನೂ ಒಬ್ಬಳು.

ಹೊಸಬ

ನಾನು ನಾಟಕದವನಲ್ಲ, ಸುಮ್ನೆ ಓದುತ್ತಿದ್ದೆ. ಅಪ್ಪನಿಗೆ ಹೇಳಿದಿರಾ?

ಎರಡನೇ ಗೊಂಬೆ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಪರೀಕ್ಷೆ ಇತ್ತು.

ಹೇಳಿದೆ. ನಿಮ್ಮ ಕೈ ನೋಡಿಯೇ ಆ ಮಾತು ಹೇಳಲು ಬಂತು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗೈ ತಿರುಗಿಸಿ ನೋಡಿಕೊಂಡು, "ನಂಗೂ ಗೊತ್ತಾಗಿರಲಿಲ್ಲ" ಅಂದರು ತುಳುವಿನಲ್ಲಿ. ಅಮ್ಮ ಒಳಗಿಂದ, "ನನಗೆ ಗೊತ್ತಿತ್ತು" ಅಂದರು.

ಇನ್ನೊಂದು ಸುದ್ದಿ. ಮಾಮ, ನೀವು ಹೇಳಿದ್ದನ್ನು ನಿರ್ದೇಶಕರಿಗೆ ತೋರಿಸಿದೆ. ಎರಡನೇ ಪ್ರಯೋಗ ಮಾಡೋಣ ಅಂದಿದ್ದಾರೆ, ಡೊಂಬಿವಲಿ ಕಡೆಯೇ. ದೊಡ್ಡ ಸಭಾಗೃಹ ಬೇಡ, ಶಾಲೆಯ ಹಾಲ್ ಸಾಕು. ಬೆಳಕು ಕಡಿಮೆ, ಎರಡು ಕಡೆಯಿಂದ ನಾಲ್ಕು ಲೈಟ್ ಅಷ್ಟೆ. ಬೆಳಕಿನ ಅಣ್ಣ, ನಿಮಗೆ ಬಿಡುವಿದ್ದರೆ ಈ ಭಾನುವಾರದಿಂದಲೇ ಬನ್ನಿ, ಮೂಲೆಯಲ್ಲಿ ಬೆಂಚು ಹಾಕಿಡುತ್ತೇವೆ. ಅಜ್ಜಿಗೆ ಮೊದಲ ಸಾಲಿನ ಕುರ್ಚಿ.

ಆದರೆ ಅಂಬರನಾಥದ ಅಣ್ಣನಿಗೆ ರಾತ್ರಿ ಪಾಳಿ ಬಂದಿದೆ, ಅವರು ಬರುವುದಕ್ಕಾಗುವುದಿಲ್ಲ. ಅವರ ಜಾಗಕ್ಕೆ ಹೊಸಬರು ಬರುತ್ತಾರೆ. ಕಂಪ್ಯೂಟರ್ ಕೆಲಸದವರಂತೆ, ಐರೋಲಿಯಿಂದ. ಅವರ ಕೈ ಮೊದಲಿಂದಲೇ ಮೆತ್ತಗಿರಬಹುದು. ಹಾಗಾದರೆ ಮೊದಲ ಸಲ ಎತ್ತಿಕೊಂಡಾಗ ಒರಟು ಅಂತ ಕಾಣಿಸಬೇಕಾದ ಕೆಲಸ ನನ್ನದು. ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಭಾನುವಾರ ಏಳೂವರೆಗೆ ತಾಲೀಮು.